ಯಲಹಂಕ: ನಾಡಪ್ರಭುಗಳ ಪಟ್ಟಣದಿಂದ ಮಹಾನಗರದ ಒಂದನೆಯ ವಾರ್ಡಿನವರೆಗೆ

ಬೆಂಗಳೂರು ಪೇಟೆಯನ್ನು ಮಣ್ಣಿನ ಕೋಟೆಯೂ ಕಂದಕವೂ ಬಳಸಿಕೊಂಡಿದ್ದ ಕಾಲದಲ್ಲಿ ಆ ಕೋಟೆಗೆ ನಾಲ್ಕು ಹೆಬ್ಬಾಗಿಲುಗಳಿದ್ದುವು. ಪೂರ್ವದ್ದು ಹಲಸೂರಿನ ಬಾಗಿಲು, ಪಶ್ಚಿಮದ್ದು ಸೊಂಡೆಕೊಪ್ಪದ್ದು, ದಕ್ಷಿಣದ್ದು ಆನೇಕಲ್ಲಿನದು, ಉತ್ತರದ್ದು ಯಲಹಂಕದ್ದು. ಯಾವ ಬಾಗಿಲಿನಿಂದ ಹೊರಟರೆ ಯಾವ ಊರಿನ ದಾರಿ ಸಿಕ್ಕುತ್ತಿತ್ತೋ ಆ ಊರಿನ ಹೆಸರೇ ಆ ಬಾಗಿಲಿಗೆ ನಿಂತಿತ್ತು. ಕೋಟೆಯ ಗೋಡೆ ಕರಗಿ, ಕಂದಕ ಮುಚ್ಚಿ, ಅದರ ಮೇಲೆ ಬೀದಿಗಳು ಹಾದುಹೋದ ಮೇಲೆಯೂ ಅವೆನ್ಯೂ ರಸ್ತೆಯ ಉತ್ತರದ ತುದಿಯಲ್ಲಿ, ಮೈಸೂರು ಬ್ಯಾಂಕಿನ ವೃತ್ತದ ಮಗ್ಗುಲಿಗಿರುವ ಹನುಮಂತನ ಗುಡಿಯನ್ನು ಜನರು ಯಲಹಂಕ ಗೇಟಿನ ಆಂಜನೇಯಸ್ವಾಮಿ ದೇವಸ್ಥಾನವೆಂದೇ ಕರೆಯುತ್ತ ಬಂದಿದ್ದಾರೆ. ಅಂದು ಆ ಬಾಗಿಲನ್ನು ದಾಟಿದ ಪಯಣಿಗನು ಹೆಬ್ಬಾಳದ ಕೆರೆಯನ್ನು ಹಾಯ್ದು, ಬಯಲುಸೀಮೆಯ ಹೊಲಗಳ ನಡುವೆ ಸುಮಾರು 15 ಕಿಲೋಮೀಟರಿನಷ್ಟು ದೂರ ನಡೆದು ಬೇರೊಂದು ಊರನ್ನು ಸೇರುತ್ತಿದ್ದನು. ಇಂದು ಅದೇ ದಾರಿಯಲ್ಲಿ ಹೋಗುವವನಿಗೆ ಒಂದು ಊರು ಮುಗಿದು ಇನ್ನೊಂದು ಮೊದಲಾಗುವ ಎಡೆ ಯಾವುದೆಂಬುದು ಗೊತ್ತಾಗುವಂತಿಲ್ಲ. ಈ ಮಾರ್ಪಾಡು ಹೇಗಾಯಿತು, ಅದರಿಂದ ಯಲಹಂಕಕ್ಕೆ ಒದಗಿದ್ದೇನು, ಯಲಹಂಕವು ಕಳೆದುಕೊಂಡದ್ದೇನು ಎಂಬುದನ್ನು ಇಲ್ಲಿ ಒಂದಿಷ್ಟು ವಿಸ್ತಾರವಾಗಿ ಬರೆದಿಡುವುದು ಯುಕ್ತವೆಂದು ನನಗೆ ತೋರಿದೆ.

ಯಲಹಂಕವು ಬೆಂಗಳೂರಿಗಿಂತ ಹಿರಿಯ ಊರು. ಚೋಳರು ಈ ಸೀಮೆಯನ್ನು ಆಳುತ್ತಿದ್ದ ಕಾಲದ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕ ನಾಡೆಂದೂ, ಹೊಯ್ಸಳರ ಕಾಲಕ್ಕೆ ಎಲವಂಕವೆಂದೂ ಉಲ್ಲೇಖಗೊಂಡಿರುವ ಈ ಸ್ಥಳವು ಬರಿಯ ಹಳ್ಳಿಯಾಗಿರದೆ ಒಂದು ನಾಡಿಗೆ ಹೆಸರನ್ನಿತ್ತ ಕೇಂದ್ರವಾಗಿತ್ತು. ವಿಜಯನಗರದ ಅರಸರ ಆಳಿಕೆಯಲ್ಲಿ, ಆವತಿಯ ರಣಭೈರೇಗೌಡನ ವಂಶಕ್ಕೆ ಸೇರಿದ ಜಯಗೌಡನು ಹದಿನೈದನೆಯ ಶತಮಾನದ ಆದಿಭಾಗದಲ್ಲಿ ಇಲ್ಲಿ ನೆಲೆಯೂರಿ ಪ್ರಭುತ್ವವನ್ನು ಕಟ್ಟಿದನೆಂದು ಪರಂಪರೆಯು ಹೇಳುತ್ತದೆ. ಆ ವಂಶದಲ್ಲಿ ಹುಟ್ಟಿ, 1513ರಿಂದ 1569ರವರೆಗೆ ಆಳಿದನೆಂದು ಇತಿಹಾಸಕಾರರು ಬರೆದಿರುವ ಹಿರಿಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿ ತನ್ನ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದನು. ಬಿಜಾಪುರದ ರಣದುಲ್ಲಾಖಾನನು 1638ರಲ್ಲಿ ಬೆಂಗಳೂರನ್ನು ಗೆದ್ದುಕೊಂಡ ತರುವಾಯ ಮನೆತನವು ಮಾಗಡಿಗೆ ಹೋಗಿ ನೆಲಸಿತು; ಬೆಂಗಳೂರಾದರೋ ಮರಾಠರ ಜಹಗೀರಾಗಿ, ಮೊಗಲರ ಕೈಗೆ ಹೋಗಿ, 1687ರಲ್ಲಿ ಚಿಕ್ಕದೇವರಾಜ ಒಡೆಯರ ವಶಕ್ಕೆ ಬಂದಿತು. ಆದರೆ ಬೆಂಗಳೂರಿನಲ್ಲಿದ್ದಾಗಲೂ ಮಾಗಡಿಯಲ್ಲಿದ್ದಾಗಲೂ ಆ ಪ್ರಭುಗಳು ತಮ್ಮ ಹೆಸರಿನ ಹಿಂದೆ ಧರಿಸಿದ್ದ ಬಿರುದು ಯಲಹಂಕ ನಾಡಪ್ರಭುಗಳು ಎಂಬುದೇ. ರಾಜಧಾನಿಯು ಎರಡು ಬಾರಿ ಸ್ಥಾನಪಲ್ಲಟವಾದರೂ ಅಧಿಕಾರದ ಮೂಲವು ಯಾವ ಮಣ್ಣಿನಲ್ಲಿದೆ ಎಂಬುದನ್ನು ಅವರು ಮರೆಯಲಿಲ್ಲ. ಬೆಂಗಳೂರಿಗೆ ಯಲಹಂಕವು ತಾಯೂರು ಎಂದು ಹೇಳುವುದು ಅಭಿಮಾನದ ಉತ್ಪ್ರೇಕ್ಷೆಯಲ್ಲ. ಚರಿತ್ರೆಯು ಒಪ್ಪುವ ಮಾತು.

ಪ್ರಭುಗಳು ಮಾಗಡಿಗೆ ಹೋದ ಮೇಲಿನ ಎರಡೂವರೆ ಶತಮಾನಗಳಲ್ಲಿ ಯಲಹಂಕವು ಹೋಬಳಿಯ ಕೇಂದ್ರವಾಗಿ, ಕೆರೆಯ ನೀರನ್ನೂ ಮಳೆಯನ್ನೂ ನಂಬಿ ರಾಗಿ, ಹುರುಳಿ, ಅವರೆಗಳನ್ನು ಬೆಳೆದುಕೊಂಡು, ಸಂತೆ ನಡೆಸಿಕೊಂಡು ಬಾಳಿತು. ವೇಣುಗೋಪಾಲಸ್ವಾಮಿಯ ದೇವಾಲಯವೂ ಚೌಡೇಶ್ವರಿಯ ಗುಡಿಯೂ ಊರಿನ ವರ್ಷಚಕ್ರವನ್ನು ನಡೆಸುತ್ತಿದ್ದುವು. ದೊಡ್ಡ ಘಟನೆಗಳಿಲ್ಲದ ಈ ಅವಧಿಯನ್ನು ಕುರಿತು ಹೇಳಬೇಕಾದ ಮುಖ್ಯ ಸಂಗತಿಯೆಂದರೆ, ಕೆರೆಯ ಸಂಗತಿ. ಯಲಹಂಕದ ಕೆರೆಯು ಒಂಟಿಯಾದ ಜಲಾಶಯವಲ್ಲ; ಅದರ ಕೋಡಿಯ ನೀರು ಜಕ್ಕೂರಿನ ಕೆರೆಗೆ ಹರಿದು, ಅಲ್ಲಿಂದ ರಾಚೇನಹಳ್ಳಿಯ ಕೆರೆಗೆ ಇಳಿದು, ಮುಂದೆ ಮುಂದೆ ಸಾಗಿ ದಕ್ಷಿಣ ಪಿನಾಕಿನಿಯನ್ನು ಸೇರುವ ಸರಣಿಯೊಂದರ ಮೇಲಿನ ಕೊಂಡಿಯದು. ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಒಂದು ಹಳ್ಳಿಯು ತನಗೆ ಮಿಕ್ಕ ನೀರನ್ನು ಕೆಳಗಿನ ಹಳ್ಳಿಗೆ ಬಿಟ್ಟುಕೊಡುವ ಶಿಸ್ತನ್ನು ನೀರುಗಂಟಿಗಳು ತಲೆಮಾರುಗಳವರೆಗೆ ಕಾಪಾಡಿಕೊಂಡು ಬಂದದ್ದರಿಂದಲೇ ಇಲ್ಲಿ ಊರುಗಳು ಉಳಿದುವು. ಪುರಸಭೆ ಎಂಬ ಪದವು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಈ ಊರಿನವರು ಸಾಮೂಹಿಕವಾದ ಆಡಳಿತವೊಂದನ್ನು ಕೆರೆಯ ಏರಿಯ ಮೇಲೆ ನಿಂತು ಕಲಿತಿದ್ದರು.

ಯಲಹಂಕವು ಮತ್ತೆ ಹೊರಲೋಕದ ಕಣ್ಣಿಗೆ ಬಿದ್ದುದು ರೈಲಿನಿಂದ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ಮೀಟರ್ ಗೇಜಿನ ದಾರಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ಊರನ್ನು ಮುಟ್ಟಿತು. ಅದಕ್ಕಿಂತ ಹೆಚ್ಚಾಗಿ ಇಲ್ಲಿಯ ಜೀವನವನ್ನು ಬದಲಿಸಿದ್ದು 1915ರಲ್ಲಿ ಯಲಹಂಕದಿಂದ ದೇವನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ತೆರೆದ, ಎರಡೂವರೆ ಅಡಿ ಅಗಲದ ಕಿರುದಾರಿ. ಅದು ಮುಂದೆ ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳ ಮೇಲೆ ಹಾದು ಬೌರಿಂಗ್‌ಪೇಟೆಯವರೆಗೂ ಕೂಡಿಕೊಂಡಿತು. ಎರಡು ಅಳತೆಯ ಹಳಿಗಳು ಸಂಧಿಸುವ ಜಂಕ್ಷನ್ನಿನಲ್ಲಿ ಒಂದು ಗಾಡಿಯ ಸರಕನ್ನು ಇನ್ನೊಂದು ಗಾಡಿಗೆ ಇಳಿಸಿ ಏರಿಸಲೇಬೇಕು. ಈ ಅನಿವಾರ್ಯತೆಯೇ ಯಲಹಂಕದ ಭಾಗ್ಯವಾಯಿತು. ರೇಷ್ಮೆಗೂ ಆಲೂಗೆಡ್ಡೆಗೂ ತರಕಾರಿಗೂ ಹೆಸರಾದ ಒಂದು ಇಡೀ ಸೀಮೆಗೆ ಈ ಪುಟ್ಟ ನಿಲ್ದಾಣವು ಬೆಂಗಳೂರಿನ ಹೊಸ್ತಿಲಾಗಿ ಪರಿಣಮಿಸಿತು. ಹಳೆಯ ಊರಿನಲ್ಲಿ ಸಂತೆ ಸರ್ಕಲ್ ಎಂದು ಇಂದಿಗೂ ಬಸ್ಸಿನ ನಿರ್ವಾಹಕರು ಕೂಗುವ ಸ್ಥಳವು ಊರಿನ ವ್ಯಾಪಾರದ ನೆನಪನ್ನು ಉಳಿಸಿಕೊಂಡಿದೆ.

ಸ್ವಾತಂತ್ರ್ಯಾನಂತರ, ಬೆಂಗಳೂರಿನಲ್ಲಿ ಅದುವರೆಗೆ ಪ್ರತ್ಯೇಕವಾಗಿದ್ದ ನಗರದ ಪುರಸಭೆಯೂ ದಂಡಿನ ಪುರಸಭೆಯೂ ಒಂದಾಗಿ 1949ರ ಡಿಸೆಂಬರಿನಲ್ಲಿ ಕಾರ್ಪೊರೇಷನ್ ಸ್ಥಾಪಿತವಾದಾಗ, ಅದರ ಎಲ್ಲೆಯು ಯಲಹಂಕದಿಂದ ಬಹು ದೂರದಲ್ಲಿತ್ತು. ನಡುವೆ ಹಳ್ಳಿಗಳೂ ತೋಟಗಳೂ ಇದ್ದುವು. ಆ ನಡುವಣ ಪ್ರದೇಶವು ತುಂಬಿಕೊಂಡದ್ದು ನಗರವು ತಾನೇ ತಾನಾಗಿ ಹರಡಿದ್ದರಿಂದ ಮಾತ್ರವಲ್ಲ. ಸರಕಾರಗಳು ತಮಗೆ ಬೇಕಾದ ವಿಸ್ತಾರವಾದ ನೆಲವನ್ನು ಈ ದಿಕ್ಕಿನಲ್ಲಿ ಆರಿಸಿಕೊಂಡದ್ದರಿಂದ. ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವು ಬಳ್ಳಾರಿ ರಸ್ತೆಯ ಪಕ್ಕದಲ್ಲಿ ನೆಲೆಗೊಂಡಿತು. 1963ರಲ್ಲಿ ವಾಯುಸೇನೆಯ ನೆಲೆಯು ಸ್ಥಾಪಿತವಾಯಿತು. 1996ರಿಂದ ಅಲ್ಲಿಯೇ ನಡೆಯುತ್ತಿರುವ ವೈಮಾನಿಕ ಪ್ರದರ್ಶನವು ಊರಿನ ಹೆಸರನ್ನು ದೇಶಾಂತರಗಳಿಗೆ ಕೊಂಡೊಯ್ದಿತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆಯು ಉದ್ಘಾಟನೆಗೊಂಡು, ಹಳೆಯ ಉಕ್ಕನ್ನು ಕರಗಿಸಿ ಗಾಲಿಗಳನ್ನು ಎರಕ ಹೊಯ್ಯುವ ಕೆಲಸವನ್ನು ಆರಂಭಿಸಿತು. ಎರಡು ಅಳತೆಯ ಹಳಿಗಳ ಊರು ದೇಶದ ರೈಲುಗಳಿಗೆ ಗಾಲಿಯನ್ನು ಒದಗಿಸುವ ಊರಾಯಿತು. ಹಾಲು ಮಹಾಮಂಡಲದ ಮದರ್ ಡೈರಿ ಬಂದಿತು. ವಿದ್ಯುದುತ್ಪಾದನೆಯ ಸ್ಥಾವರವೂ ಬಂದಿತು. ಕರ್ನಾಟಕ ಗೃಹಮಂಡಳಿಯು ಹಳೆಯ ಊರಿನ ಪಶ್ಚಿಮಕ್ಕೆ ಸಾಲುಸಾಲಾಗಿ ಮನೆಗಳನ್ನು ಕಟ್ಟಿ, ಎ ಸೆಕ್ಟರು, ಬಿ ಸೆಕ್ಟರು ಎಂದು ಅಕ್ಷರಗಳಿಂದ ಗುರುತಿಸಿ ಉಪನಗರವನ್ನು ನಿರ್ಮಿಸಿತು.

ಹೀಗೆ ಒಂದೇ ಹೆಸರಿನ ಕೆಳಗೆ ಎರಡು ಊರುಗಳಾದುವು: ಕೋಟೆ, ಪೇಟೆ, ಗುಡಿ, ಸಂತೆಗಳ ಹಳೇ ಊರು, ಕಾರ್ಖಾನೆ ಕಚೇರಿಗಳಲ್ಲಿ ದುಡಿಯುವ ಮಧ್ಯಮವರ್ಗದ ಉಪನಗರ. ಹಳೇ ಊರಿನ ಹಿರಿಯರು ಮೆಜೆಸ್ಟಿಕ್ಕಿನ ಬಸ್ಸು ಹತ್ತುವಾಗ “ಬೆಂಗಳೂರಿಗೆ ಹೋಗಿಬರ್ತೀನಿ” ಎಂದು ಮನೆಯವರಿಗೆ ಹೇಳುವ ವಾಡಿಕೆಯುಂಟು. ಆ ಮಾತಿನಲ್ಲಿ ಹಳ್ಳಿಗಾಡಿನ ಸಂಕೋಚವಿಲ್ಲ. ತಮ್ಮದೇ ಆದ ಊರೊಂದು ಉಂಟೆಂಬ ಸ್ವಸ್ಥವಾದ ಅರಿವು ಇದೆ.

ಈ ಎರಡು ಊರುಗಳನ್ನು ಒಂದು ಸೂರಿನ ಕೆಳಗೆ ತಂದಿದ್ದ ಸಂಸ್ಥೆಯೇ ಪುರಸಭೆ, ಅನಂತರ ನಗರಸಭೆ. ಮಹಾನಗರದ ಬೆಳಕಿನಲ್ಲಿ ಇಂಥ ಸಣ್ಣ ಸಂಸ್ಥೆಗಳ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕರ್ನಾಟಕದ ಪೌರಸಭೆಗಳಿಗೆ ಆಧಾರವಾದ 1964ರ ಶಾಸನವು ಬೀದಿಯ ದೀಪ, ಚರಂಡಿ, ಕುಡಿಯುವ ನೀರು, ಕಸದ ವಿಲೇವಾರಿ, ಜನನ ಮರಣಗಳ ದಾಖಲೆ, ಕಟ್ಟಡದ ಪರವಾನಗಿ, ಮಾರುಕಟ್ಟೆಯ ನಿರ್ವಹಣೆ, ಸ್ಮಶಾನದ ರಕ್ಷಣೆ ಇವೇ ಮೊದಲಾದವನ್ನು ಅವುಗಳ ಕರ್ತವ್ಯವೆಂದು ವಿಧಿಸಿತು. ಪಟ್ಟಿಯಾಗಿ ಓದಿದರೆ ಇವು ಶುಷ್ಕವಾದ ಬಾಬತ್ತುಗಳು. ಆದರೆ ಹುಟ್ಟಿದ ಮಗುವಿನ ಹೆಸರನ್ನು ಬರೆಯಿಸುವುದಕ್ಕೂ ತೀರಿಕೊಂಡ ತಂದೆಯ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೂ ಮನುಷ್ಯನು ಏರುವ ಮೆಟ್ಟಲು ಒಂದೇ ಕಚೇರಿಯದಾಗಿದ್ದು, ಆ ಕಚೇರಿಯು ನಡೆದು ಹೋಗುವಷ್ಟು ಸಮೀಪದಲ್ಲಿದ್ದು, ಅಲ್ಲಿ ಕುಳಿತ ಗುಮಾಸ್ತೆಯೂ ಅಲ್ಲಿಗೆ ಆರಿಸಿಬಂದ ಸದಸ್ಯನೂ ಮುಖಪರಿಚಯದವರಾಗಿದ್ದರೆ, ಆಡಳಿತವೆಂಬುದು ಪ್ರಜೆಗೆ ಪರಕೀಯವೆನಿಸುವುದಿಲ್ಲ. ಇದೇ ಯಲಹಂಕ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋದ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಸಚಿವರಾಗಿ, ಮಲವನ್ನು ತಲೆಯ ಮೇಲೆ ಹೊರುವ ಅಮಾನುಷ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಪೌರಾಡಳಿತವೆಂದರೆ ದೀಪ ಚರಂಡಿಗಳ ಲೆಕ್ಕವಷ್ಟೇ ಅಲ್ಲ, ಮನುಷ್ಯನ ಮಾನದ ಪ್ರಶ್ನೆಯೂ ಅಹುದೆಂಬುದನ್ನು ಇಡೀ ನಾಡಿಗೆ ತೋರಿಸಿಕೊಟ್ಟ ಈ ಕಾರ್ಯವು ಯಲಹಂಕದ ಪ್ರತಿನಿಧಿಯಿಂದ ಆಯಿತೆಂಬುದು ನಾವು ಹೆಮ್ಮೆಪಡಬೇಕಾದ ವಿಷಯ.

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನಿನಿಂದ ಜಾರಿಗೆ ಬಂದು, ಪೌರಸಂಸ್ಥೆಗಳಿಗೆ ನಿಯತಕಾಲದಲ್ಲಿ ಚುನಾವಣೆ ನಡೆಯಲೇಬೇಕೆಂದೂ, ಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಂತೆ ಸ್ತ್ರೀಯರಿಗೆ ಮೀಸಲಾಗಿರಬೇಕೆಂದೂ ಕಟ್ಟಳೆ ಮಾಡಿತು. 2001ರ ಜನಗಣತಿಯ ವೇಳೆಗೆ ಯಲಹಂಕದ ಜನಸಂಖ್ಯೆಯು 90 ಸಾವಿರವನ್ನು ಮೀರಿತ್ತು. 50 ಸಾವಿರಕ್ಕೆ ಮೇಲ್ಪಟ್ಟು ಒಂದು ಲಕ್ಷದೊಳಗಿರುವ ನಗರಸಭೆಗೆ ಶಾಸನವು ಗೊತ್ತುಪಡಿಸಿದ್ದ ಚುನಾಯಿತ ಸದಸ್ಯರ ಸಂಖ್ಯೆ 31. ಎಂದರೆ ಸುಮಾರು ಮೂರು ಸಾವಿರ ಜನರಿಗೆ ಒಬ್ಬ ಪ್ರತಿನಿಧಿ. ಈ ಪ್ರಮಾಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಆದರೆ ನಗರಸಭೆಗೆ ಒಂದು ದೊಡ್ಡ ದೌರ್ಬಲ್ಯವಿತ್ತು. ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರವಾದೀತು. ಅದಕ್ಕೆ ನೀರಿರಲಿಲ್ಲ. ಕೆರೆಗಳು ಕುಡಿಯುವ ನೀರಿಗೆ ಒದಗದಾದ ಮೇಲೆ ಊರು ಕೊಳವೆಬಾವಿಗಳನ್ನು ನಂಬಿತು. ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದುವು. ಬೆಳೆಯುತ್ತಿರುವ ಬಡಾವಣೆಗಳಿಗೆ ನೀರನ್ನೂ ಒಳಚರಂಡಿಯನ್ನೂ ಒದಗಿಸುವಷ್ಟು ಬಂಡವಾಳವನ್ನು ಮನೆಗಂದಾಯದಿಂದ ಕೂಡಿಹಾಕುವುದು ಯಾವ ಸಣ್ಣ ಪೌರಸಂಸ್ಥೆಗೂ ಶಕ್ಯವಾಗಿರಲಿಲ್ಲ. ಬೆಂಗಳೂರಿನ ಸುತ್ತಣ ಏಳು ನಗರಸಭೆಗಳಿಗೂ ಕೆಂಗೇರಿ ಪುರಸಭೆಗೂ ಕಾವೇರಿಯ ನೀರನ್ನು ತರುವ ಯೋಜನೆಯೊಂದು ಈ ಶತಮಾನದ ಮೊದಲ ವರ್ಷಗಳಲ್ಲಿ ರೂಪುಗೊಂಡಾಗ, ಅದಕ್ಕೆ ಬೇಕಾದ ಹಣದ ಒಂದು ಭಾಗವನ್ನು 2005ರಲ್ಲಿ ಎಲ್ಲ ಸಂಸ್ಥೆಗಳ ಪರವಾಗಿ ಒಟ್ಟಿಗೆ ಹೊರಡಿಸಿದ 100 ಕೋಟಿ ರೂಪಾಯಿಗಳ ಸಾಲಪತ್ರಗಳಿಂದಲೂ, ಇನ್ನೊಂದು ಭಾಗವನ್ನು ನಾಗರಿಕರು ಮನೆ ನಿವೇಶನಗಳ ಅಳತೆಗೆ ತಕ್ಕಂತೆ ತೆತ್ತ ವಂತಿಗೆಯಿಂದಲೂ ಕೂಡಿಸಬೇಕೆಂದು ಏರ್ಪಾಡಾಯಿತು. ನಲ್ಲಿಯಲ್ಲಿ ನೀರು ಬರುವುದಕ್ಕೆ ಮುಂಚೆಯೇ ಜನರು ಹಣ ಕಟ್ಟಿದರು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಏರಿಬಂದು, ನಗರದ ದಕ್ಷಿಣದಿಂದ ಉತ್ತರದವರೆಗೆ ಹಾಯ್ದು ಬರಬೇಕಾದ ನೀರು ಅದು. ಕಾವೇರಿಯ ನಾಲ್ಕನೆಯ ಹಂತದ ಎರಡನೆಯ ಘಟ್ಟವು 2012ರಲ್ಲಿ ಪೂರ್ಣಗೊಂಡ ಮೇಲಷ್ಟೇ ಈ ಹೊರವಲಯಗಳಿಗೆ ಗಣನೀಯವಾಗಿ ಒದಗಿತು. ಊರು ನಗರದೊಳಕ್ಕೆ ಸೇರಿದ್ದು ಸರಕಾರದ ಆಜ್ಞೆಯಿಂದಲಾದರೂ, ಆ ಆಜ್ಞೆಗೆ ದಾರಿ ಮಾಡಿಕೊಟ್ಟದ್ದು ಈ ಕೊಳಾಯಿಯೇ ಎಂದು ನನ್ನ ಅಭಿಪ್ರಾಯ.

2007ರ ಜನವರಿಯಲ್ಲಿ ಆಜ್ಞೆ ಹೊರಟಿತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ ಈ ಏಳು ನಗರಸಭೆಗಳೂ, ಕೆಂಗೇರಿ ಪುರಸಭೆಯೂ, 110 ಹಳ್ಳಿಗಳೂ ಬೆಂಗಳೂರು ಮಹಾನಗರಪಾಲಿಕೆಯೊಡನೆ ಕೂಡಿಸಲ್ಪಟ್ಟು ಬೃಹತ್ ಬೆಂಗಳೂರು ಮಹಾನಗರಪಾಲಿಕೆಯೆಂಬ ಹೊಸ ಸಂಸ್ಥೆಯಾಯಿತು. 226 ಚದರ ಕಿಲೋಮೀಟರಿನ ನಗರವು ಒಂದೇ ಲೇಖನಿಯ ಎಳೆತದಿಂದ 700 ಚದರ ಕಿಲೋಮೀಟರಿಗೂ ಮಿಗಿಲಾಯಿತು. ಮರುವರ್ಷ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನನಿಲ್ದಾಣವು ತೆರೆದು, ನಗರಕ್ಕೂ ಅದಕ್ಕೂ ನಡುವಣ ಹಾದಿಯಲ್ಲಿದ್ದ ಯಲಹಂಕದ ನೆಲದ ಬೆಲೆಯು ಹಿಂದೆ ಊಹಿಸಲಾಗದಷ್ಟು ಏರಿತು. ಇವೆರಡೂ ಒಟ್ಟೊಟ್ಟಿಗೆ ಬಂದದ್ದರಿಂದ, ಈಚಿನ ಬದಲಾವಣೆಗಳಲ್ಲಿ ವಿಲೀನದ ಫಲ ಯಾವುದು, ವಿಮಾನನಿಲ್ದಾಣದ ಫಲ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ನಿಸ್ಸಂದೇಹವಾಗಿ ವಿಲೀನದ ಫಲವೆಂದು ಹೇಳಬಹುದಾದ ಸಂಗತಿಯೊಂದುಂಟು. ಹಳೆಯ ಪಾಲಿಕೆಯ ಅವಧಿಯು 2006ರ ಕೊನೆಗೆ ಮುಗಿದಿದ್ದಿತು. ನಗರಸಭೆಗಳು ವಿಲೀನದಿಂದ ರದ್ದಾದುವು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ಮೂರು ವರ್ಷಗಳಿಗೆ ಮೀರಿದ ಈ ಕಾಲದಲ್ಲಿ ಯಲಹಂಕದ ಬೀದಿಗಳಿಗೆ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಚುನಾವಣೆಯಾದಾಗ ಪಾಲಿಕೆಯ 198 ವಾರ್ಡುಗಳಲ್ಲಿ ಒಂದನೆಯದಕ್ಕೆ ಕೆಂಪೇಗೌಡ ವಾರ್ಡೆಂದು ಹೆಸರಾಯಿತು. ಎರಡನೆಯದು ಚೌಡೇಶ್ವರಿ, ಮೂರನೆಯದು ಅಟ್ಟೂರು, ನಾಲ್ಕನೆಯದು ಯಲಹಂಕ ಉಪನಗರ. ಮಹಾನಗರದ ಎಣಿಕೆಯು ಯಲಹಂಕದಿಂದಲೇ ಮೊದಲಾಗಿ, ಒಂದನೆಯ ಅಂಕೆಯು ನಗರನಿರ್ಮಾತೃವಿನ ಹೆಸರಿಗೇ ಸಂದದ್ದು ನನಗೆ ಸಂತೋಷವನ್ನು ತಂದಿದೆ. ಆದರೆ 31 ಪ್ರತಿನಿಧಿಗಳಿಗೆ ಎಡೆಯಿದ್ದ ಊರಿಗೆ ಪ್ರಧಾನವಾಗಿ ನಾಲ್ವರಷ್ಟೇ ಉಳಿದರು ಎಂಬ ಲೆಕ್ಕವನ್ನು ಆ ಸಂತೋಷವು ಅಳಿಸಲಾರದು. ಪಾಲಿಕೆಯು ಎಂಟು ವಲಯಗಳಾಗಿ ವಿಂಗಡಿತವಾದಾಗ ಅವುಗಳಲ್ಲೊಂದು ಯಲಹಂಕದ ಹೆಸರನ್ನೇ ಪಡೆಯಿತಾದರೂ ಅದರ ಕಚೇರಿಯು ಬ್ಯಾಟರಾಯನಪುರದಲ್ಲಿ ನೆಲೆಗೊಂಡಿತು. ಮನೆಯ ದಾಖಲೆಯನ್ನು ಕ್ರಮಬದ್ಧವಾದ ಸ್ವತ್ತುಗಳ ಎ ಖಾತೆಗೆ ಸೇರಿಸಬೇಕೋ ಉಳಿದವುಗಳ ಬಿ ಖಾತೆಗೆ ಸೇರಿಸಬೇಕೋ ಎಂಬ ಕ್ಲೇಶವು ಹೊಸ ಬಡಾವಣೆಗಳ ಸಾಮಾನ್ಯ ಗೃಹಸ್ಥನಿಗೆ ಬಹುಕಾಲದ ಸಂಗಾತಿಯಾಯಿತು.

ದೊರೆತ ಪ್ರಯೋಜನಗಳನ್ನೂ ಅಷ್ಟೇ ಮನಃಪೂರ್ವಕವಾಗಿ ಹೇಳಬೇಕು. ನೀರು ಬಂದಿತು, ಒಳಚರಂಡಿಯು ಹಬ್ಬಿತು, ಮಲಿನಜಲವನ್ನು ಶುದ್ಧಿಮಾಡಿ ಕೈಗಾರಿಕೆಗಳಿಗೆ ಒದಗಿಸುವ ವ್ಯವಸ್ಥೆಯು ಇಲ್ಲಿಯೇ ಏರ್ಪಟ್ಟಿತು, ಜಕ್ಕೂರಿನಲ್ಲಿ ಅಂಥ ಶುದ್ಧೀಕೃತ ಜಲವೇ ಕೆರೆಗೆ ಹರಿದು ಅದನ್ನು ಬೇಸಗೆಯಲ್ಲಿಯೂ ತುಂಬಿಸಿಡುತ್ತದೆ. ಪುಟ್ಟೇನಹಳ್ಳಿಯ ಕೆರೆಗೆ ಪಕ್ಷಿ ಸಂರಕ್ಷಣಾ ಮೀಸಲಿನ ಮಾನ್ಯತೆ ದೊರೆಯಿತು. ಇದರ ಹಿಂದೆ ಇದ್ದುದು ಪಾಲಿಕೆಯ ವಿಸ್ತಾರವಲ್ಲ, ಸ್ಥಳೀಕರ ಅಕ್ಕರೆ. ನಗರಸಭೆಯ ಕೈಯಲ್ಲಿ ಇಷ್ಟೆಲ್ಲವೂ ಆಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ನೀರು, ಚರಂಡಿ, ಹೆದ್ದಾರಿ ಇವು ದೊಡ್ಡ ಕೈಗಳ ಕೆಲಸ. ಬೀದಿಯ ದೀಪ, ಕಸ, ಖಾತೆ, ಜನನ ಮರಣದ ಚೀಟಿ ಇವು ಹತ್ತಿರದ ಕೈಗಳ ಕೆಲಸ. ಮೊದಲನೆಯದಕ್ಕಾಗಿ ಎರಡನೆಯದನ್ನು ಬಿಟ್ಟುಕೊಡಬೇಕಾಗಿರಲಿಲ್ಲ. ಎರಡನ್ನೂ ಬೇರೆಬೇರೆ ಅಂತಸ್ತುಗಳಲ್ಲಿ ಇಟ್ಟು ಒಂದು ವ್ಯವಸ್ಥೆಯನ್ನು ಕಟ್ಟುವ ವಿವೇಕವು 2007ರಲ್ಲಿ ಸಾಧ್ಯವಿತ್ತು. ಅದನ್ನು ಮಾಡದೆ ಹೋದದ್ದು ತಪ್ಪಾಯಿತು.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿಯು ತೀರಿತು. ಮತ್ತೆ ಚುನಾವಣೆ ನಡೆಯದೆಯೇ ಐದು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ ಆ ಬೃಹತ್ ಪಾಲಿಕೆಯೇ ಅಳಿದು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಾದುವು. ಯಲಹಂಕವು ಈಗ ಬೆಂಗಳೂರು ಉತ್ತರ ನಗರಪಾಲಿಕೆಗೆ ಸೇರಿದೆ. ವಿಲೀನಕ್ಕೂ ಈ ವಿಭಜನೆಗೂ ನಡುವೆ ಕಂದಾಯ ಇಲಾಖೆಯು ಯಲಹಂಕವನ್ನು ಪ್ರತ್ಯೇಕ ತಾಲ್ಲೂಕಾಗಿ ಮಾಡಿದೆ. 2007ರಲ್ಲಿ ಎಲ್ಲವನ್ನೂ ಒಂದುಗೂಡಿಸಿದ್ದು ಸರಿಯೆಂದು ತೋರಿದ್ದ ಸರಕಾರಿ ಯೋಚನೆಗೆ ಈಗ ವಿಭಜನೆಯೇ ಸರಿಯೆಂದು ತೋರಿದೆ. ಈ ಹೊಸ ಏರ್ಪಾಡಿನಲ್ಲಿ ಸಂಖ್ಯೆಯೂ ಎಲ್ಲೆಯೂ ಹೇಗೇ ಇರಲಿ, ಸಂವಿಧಾನವು ವಿಧಿಸಿದ ಕಾಲಕ್ಕೆ ಚುನಾವಣೆ ನಡೆಯಬೇಕು, ವಾರ್ಡು ಸಮಿತಿಗಳು ಹೆಸರಿಗಲ್ಲದೆ ನಿಜವಾಗಿ ಕೂಡಬೇಕು, ಊರಿನ ಕೆಲಸಕ್ಕೆ ಊರಿನಲ್ಲಿಯೇ ಕಚೇರಿ ಇರಬೇಕು ಎಂಬ ಮೂರನ್ನು ಯಲಹಂಕದವರು ಬಿಡದೆ ಕೇಳಬೇಕು.

ಇನ್ನೊಂದು ಕೆಲಸವು ನಮ್ಮ ಕೈಯಲ್ಲಿಯೇ ಇದೆ. ಸಂಸ್ಥೆಯೊಂದು ರದ್ದಾದಾಗ ಅದರ ಕಾಗದಗಳು ಮೊದಲು ಅನಾಥವಾಗುತ್ತವೆ. ಪುರಸಭೆಯ ಕಾಲದ ಕಂದಾಯದ ರಸೀದಿ, ಖಾತೆಯ ನಕಲು, ನೀರಿನ ವಂತಿಗೆ ಕಟ್ಟಿದ ಚಲನು, ಸಂತೆಯ ಸುಂಕದ ಚೀಟಿ, ಚುನಾವಣೆಯ ಕರಪತ್ರ, ಕಿರುದಾರಿಯ ರೈಲಿನ ಕಾಲದ ಭಾವಚಿತ್ರ ಇಂಥವು ಹಳೇ ಊರಿನ ಪೆಟ್ಟಿಗೆ ಅಟ್ಟಗಳಲ್ಲಿಯೂ ಉಪನಗರದ ಕಪಾಟುಗಳಲ್ಲಿಯೂ ಇದ್ದೇ ಇರಬೇಕು. ಮನೆಯನ್ನು ಒಡೆದು ಕಟ್ಟುವಾಗ ಅವನ್ನು ರದ್ದಿಗೆ ಹಾಕಬೇಡಿರಿ. ಮೂಲವನ್ನು ಕೊಡಲು ಮನಸ್ಸಿಲ್ಲದವರು ಪ್ರತಿಯನ್ನಾದರೂ ಮಾಡಿಸಿ ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಪ್ಪಿಸಿದರೆ, ಮುಂದೆ ಯಲಹಂಕದ ಪೌರಾಡಳಿತದ ಚರಿತ್ರೆಯನ್ನು ಪೂರ್ಣವಾಗಿ ಬರೆಯುವವನಿಗೆ ಅವೇ ಆಧಾರವಾಗುವುವು.